ಭಾನುವಾರದ ಚೆಕ್‌ಲಿಸ್ಟಿಗೆ ಕೂಲಿ ಇಲ್ಲವೇ?

ಪ್ರಶ್ನೆ: ನಾನು ಗುಂಡ್ಲುಪೇಟೆ ತಾಲ್ಲೂಕು ತೆರಕಣಾಂಬಿ ಕಡೆಯವನು. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ, ಚಾಮರಾಜನಗರದ ಹತ್ತಿರ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೆಯಿಂಟೆನೆನ್ಸ್ ಕೆಲಸಕ್ಕಿದ್ದೇನೆ. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ ಎಂಟು ಗಂಟೆ ಜನರಲ್ ಶಿಫ್ಟು. ನಾವು ನಾಲ್ಕು ಜನ ಎಲೆಕ್ಟ್ರಿಷಿಯನ್ನುಗಳು. ತಿಂಗಳಲ್ಲಿ ಒಂದೊಂದು ವಾರ ಒಬ್ಬೊಬ್ಬರಿಗೆ ‘ಸ್ಟ್ಯಾಂಡ್‌ಬೈ’. ಆ ವಾರ ರಾತ್ರಿಯೆಲ್ಲ ಫೋನ್ ಆನ್ ಇರಬೇಕು, ಕರೆದರೆ ಮುಕ್ಕಾಲು ಗಂಟೆಯಲ್ಲಿ ಗೇಟಿನಲ್ಲಿರಬೇಕು. ವಾರಕ್ಕೆ ಮೂರು ನಾಲ್ಕು ಸಲವಾದರೂ ಕರೆಯುತ್ತಾರೆ. ಇದಲ್ಲದೆ ತಿಂಗಳಿಗೆ ಎರಡು ಭಾನುವಾರ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ‘ಇನ್‌ಸ್ಪೆಕ್ಷನ್ ರೌಂಡ್ಸ್’. ಜನರೇಟರು, ಫೈರ್ ಪಂಪು, ಪ್ಯಾನೆಲ್ ರೂಮು, ಕಂಪ್ರೆಸರ್ ಎಲ್ಲ ನೋಡಿ ಚೆಕ್‌ಲಿಸ್ಟಿಗೆ ಸಹಿ ಹಾಕಬೇಕು.

ಸಂಬಳದ ಚೀಟಿಯಲ್ಲಿ ಮಾತ್ರ 26 ದಿನ, ಓಟಿ ಸೊನ್ನೆ. ರಾತ್ರಿ ಕರೆದಾಗ ಪೆಟ್ರೋಲಿಗೆಂದು 150 ರೂಪಾಯಿ ಕೊಡುತ್ತಾರೆ, ಅಷ್ಟೇ. ಕೇಳಿದ್ದಕ್ಕೆ ಎಚ್‌ಆರ್‌ನವರು, ‘ಸ್ಟ್ಯಾಂಡ್‌ಬೈ ಅಂದರೆ ಕೆಲಸ ಅಲ್ಲ, ರೌಂಡ್ಸ್ ಅಂದರೆ ಸುಮ್ಮನೆ ನೋಡಿ ಬರೋದು, ಮೇಲಾಗಿ ನೀನು ಈಗ ಇನ್‌ಚಾರ್ಜ್, ನಿನಗೆ ಓಟಿ ಬರೋದಿಲ್ಲ’ ಎಂದರು. ಹೋದ ವರ್ಷ ‘ಶಿಫ್ಟ್ ಇನ್‌ಚಾರ್ಜ್’ ಎಂದು ಒಂದು ಕಾಗದ ಕೊಟ್ಟದ್ದು ನಿಜ. ಸಂಬಳ ಒಂದು ರೂಪಾಯಿಯೂ ಏರಲಿಲ್ಲ.

ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,600, ಮನೆ ಬಾಡಿಗೆ ಭತ್ಯೆ ಅದೂ ಇದೂ ಸೇರಿದರೆ 20,800. ನಮ್ಮವ್ವ, ‘ಬುಡು ಕನಪ್ಪ, ಊರತ್ರುಕೆ ಕೆಲ್ಸ ಸಿಕ್ಕದೆ, ಬಾಯ್ ಮುಚ್ಕಂಡು ಮಾಡು’ ಅನ್ನುತ್ತಾಳೆ. ಹೆಂಡತಿಗೆ ಬೇಜಾರು. ಸ್ಟ್ಯಾಂಡ್‌ಬೈ ವಾರದಲ್ಲಿ ಅವಳ ತವರಿಗೆ ಹೋಗುವ ಹಾಗಿಲ್ಲ. ಶ್ರಾವಣ ಶನಿವಾರ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗೋಣವೆಂದರೆ ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಫೋನ್ ಬರದ ರಾತ್ರಿಯೂ ನನಗೆ ನಿದ್ದೆ ಇಲ್ಲ. ನಾನು ಕೇಳುತ್ತಿರುವುದು ನ್ಯಾಯವೋ, ದುರಾಸೆಯೋ? ಕೇಳಿದರೆ ಕೆಲಸಕ್ಕೆ ಕುತ್ತು ಬಂದೀತೇ?
— ಹೆಸರು ಬೇಡ, ತೆರಕಣಾಂಬಿ

ಉತ್ತರ: ದುರಾಸೆ ಅಲ್ಲ. ಆದರೆ ಮೂರು ಬೇರೆ ಬೇರೆ ಹೊತ್ತುಗಳನ್ನು ನೀವು ಒಂದೇ ಮೂಟೆಗೆ ತುಂಬಿ ತಂದಿದ್ದೀರಿ. ಹಾಗೆ ತಂದರೆ ಒಂದೇ ಮಾತಿನಲ್ಲಿ ಮೂರನ್ನೂ ತಳ್ಳಿಹಾಕುವುದು ನಿಮ್ಮ ಎಚ್‌ಆರ್‌ನವರಿಗೆ ಸುಲಭ. ಮನೆಯಲ್ಲಿ ಫೋನ್ ಕಾಯುವ ಹೊತ್ತು ಒಂದು. ಕರೆ ಬಂದ ಮೇಲೆ ಕಾರ್ಖಾನೆಯೊಳಗೆ ರಿಪೇರಿ ಮಾಡುವ ಹೊತ್ತು ಇನ್ನೊಂದು. ಭಾನುವಾರದ ರೌಂಡ್ಸ್ ಮೂರನೆಯದು. ಮೊದಲನೆಯದರಲ್ಲಿ ಕಾನೂನಿನ ಆಸರೆ ನಿಮಗೆ ತೀರ ಕಡಿಮೆ. ಉಳಿದೆರಡರಲ್ಲಿ ಅದು ಗಟ್ಟಿಯಾಗಿದೆ. ನೀವು ‘ಸ್ಟ್ಯಾಂಡ್‌ಬೈ ದುಡ್ಡು ಕೊಡಿ’ ಎಂದು ಹೋದಿರಿ, ಅಂದರೆ ಸಡಿಲವಾದದ್ದನ್ನೇ ಮುಂದಿಟ್ಟಿರಿ. ಭಾನುವಾರದಿಂದ ಶುರುಮಾಡಿ.

ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ ಎಂಟು ಗಂಟೆ ಎಂದರೆ ಅಲ್ಲಿಗೇ ವಾರದ 48 ಗಂಟೆ ತುಂಬಿತು. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ ಹಾಕಿದ್ದ ಗೆರೆ ಅದೇ. ಅದನ್ನು ದಾಟಿದ ಪ್ರತಿ ಗಂಟೆಗೂ ಎರಡರಷ್ಟು ದರದಲ್ಲಿ ಕೂಲಿ ಎಂದು ಆ ಕಾಯ್ದೆಯ 59ನೇ ಕಲಂ ಹೇಳುತ್ತಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆಯ ಜಾಗ ಹಿಡಿದಿವೆ. ಅವುಗಳಲ್ಲೂ ಹೆಚ್ಚುವರಿ ದುಡಿಮೆಗೆ ದುಪ್ಪಟ್ಟೇ ಉಳಿದಿದೆ. ಜೊತೆಗೆ ಹೆಚ್ಚು ಹೊತ್ತು ದುಡಿಸಲು ಕಾರ್ಮಿಕನ ಒಪ್ಪಿಗೆ ಬೇಕು ಎಂಬುದೂ ಸೇರಿದೆ. ‘2023ರಲ್ಲೇ ಕರ್ನಾಟಕ ಸರ್ಕಾರ 12 ಗಂಟೆ ಮಾಡಿದೆಯಲ್ಲ’ ಎಂದು ಯಾರಾದರೂ ನಿಮ್ಮ ಬಾಯಿ ಮುಚ್ಚಿಸಲು ಬಂದರೆ ಹೆದರಬೇಡಿ. ಆ ತಿದ್ದುಪಡಿ ದಿನದ ಗಂಟೆಗಳನ್ನು ಹಿಗ್ಗಿಸಲು ಬಿಟ್ಟಿತೇ ಹೊರತು ವಾರದ 48ನ್ನು ಮುಟ್ಟಲಿಲ್ಲ.

ರೌಂಡ್ಸ್ ಎಂದರೆ ‘ಸುಮ್ಮನೆ ನೋಡಿ ಬರೋದು’ ಅಂದರಲ್ಲ, ಆ ಮಾತು ನನಗೆ ಸೋಜಿಗ. ಫೈರ್ ಪಂಪನ್ನು ಓಡಿಸಿ ಒತ್ತಡ ಬರೆದುಕೊಳ್ಳುವುದು, ಡೀಸೆಲ್ ಎಷ್ಟಿದೆ, ಬ್ಯಾಟರಿ ಹೇಗಿದೆ ನೋಡುವುದು, ಪ್ಯಾನೆಲ್ಲಿನಲ್ಲಿ ಯಾವ ಜಾಯಿಂಟು ಬಿಸಿಯಾಗಿದೆ ಎಂದು ಹುಡುಕುವುದು ನೋಡುವ ಕೆಲಸವೇ ಇರಬಹುದು. ಕಾರ್ಖಾನೆಯಲ್ಲಿ ಅದಕ್ಕಿಂತ ಜವಾಬ್ದಾರಿಯ ಕೆಲಸ ಹೆಚ್ಚಿಲ್ಲ. ಹೊರಗಿನಿಂದ ಸುರಕ್ಷತಾ ಆಡಿಟ್‌ನವರು ಬಂದಾಗ, ಬೆಂಕಿ ವಿಮೆಯವರು ಬಂದಾಗ, ಇಲಾಖೆಯವರು ಬಂದಾಗ ಕಂಪನಿ ಮೇಜಿನ ಮೇಲೆ ಇಡುವ ಫೈಲಿನಲ್ಲಿರುವುದು ಆ ಚೆಕ್‌ಲಿಸ್ಟೇ. ತಾರೀಖು, ವೇಳೆ, ನಿಮ್ಮ ಸಹಿ. ಅಂದರೆ ಆ ಭಾನುವಾರ ನೀವು ಕೆಲಸ ಮಾಡಿದ್ದೀರಿ ಎಂಬುದಕ್ಕೆ ಸಾಕ್ಷಿಯನ್ನು ಕಂಪನಿ ತಾನೇ ಬರೆಸಿ, ತಾನೇ ಜೋಪಾನವಾಗಿ ಇಟ್ಟುಕೊಂಡಿದೆ. ನೀವು ಕೆಲಸ ಮಾಡಲಿಲ್ಲ ಎಂದು ಅದು ವಾದಿಸಬೇಕಾದರೆ ತನ್ನ ಸುರಕ್ಷತಾ ದಾಖಲೆ ಸುಳ್ಳು ಎಂದು ಒಪ್ಪಿಕೊಳ್ಳಬೇಕು. ಅಂಥ ವಾದಕ್ಕೆ ಯಾವ ವ್ಯವಸ್ಥಾಪಕರೂ ಕೈ ಹಾಕುವುದಿಲ್ಲ. ನಿಮ್ಮ ಇಡೀ ಕಾಗದದಲ್ಲಿ ಇದಕ್ಕಿಂತ ಬಲವಾದ ಸಂಗತಿ ಇನ್ನೊಂದಿಲ್ಲ, ಆದರೆ ಅದನ್ನು ನೀವು ಹೋಗುವ ದಾರಿಯಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ.

ಹಾಗೆಂದು ಆ ಚೆಕ್‌ಲಿಸ್ಟಿನ ಫೋಟೋ ಹೊಡೆದುಕೊಂಡು ಬರಬೇಡಿ. ಒಳಗೆ ಮೊಬೈಲ್ ಬಿಡದ ಕಾರ್ಖಾನೆಗಳಲ್ಲಿ ಅದೇ ಶಿಸ್ತುಕ್ರಮಕ್ಕೆ ನೆಪವಾಗುತ್ತದೆ. ಮನೆಗೆ ಬಂದು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ: ಯಾವ ದಿನ, ಗೇಟಿನ ರಿಜಿಸ್ಟರಿನಲ್ಲಿ ಒಳಗೆ ಹೋದ ವೇಳೆ, ಹೊರಬಿದ್ದ ವೇಳೆ, ಏನು ಪರೀಕ್ಷಿಸಿದಿರಿ, ಜೊತೆಗೆ ಯಾರಿದ್ದರು. ಅದೇ ದಿನ ಬರೆಯಿರಿ. ಆರು ತಿಂಗಳ ಲೆಕ್ಕವನ್ನು ಒಂದೇ ಪೆನ್ನಿನಲ್ಲಿ, ಒಂದೇ ರಾತ್ರಿ ಕೂತು ಬರೆದ ಪುಸ್ತಕ ಯಾವುದು ಎಂದು ನೋಡಿದವರಿಗೆ ಗೊತ್ತಾಗುತ್ತದೆ. ಮೂಲ ದಾಖಲೆ ಬೇಕಾದಾಗ ಅಧಿಕಾರಿಯೇ ಕಂಪನಿಯಿಂದ ತರಿಸಿಕೊಳ್ಳುತ್ತಾರೆ. ನಿಮ್ಮ ಪುಸ್ತಕ ತೋರಿಸಬೇಕಾದದ್ದು ಯಾವ ತಾರೀಖಿನದನ್ನು ತರಿಸಬೇಕು ಎಂಬುದನ್ನಷ್ಟೆ.

ಇಲ್ಲಿ ಕಂಪನಿಯ ಕಡೆಯಿಂದ ನ್ಯಾಯವಾದ ಒಂದು ಉತ್ತರ ಬರಬಹುದು. ‘ಭಾನುವಾರ ಬಂದರೆ ಬುಧವಾರ ರಜೆ ತೆಗೆದುಕೋ’ ಎನ್ನಬಹುದು. ಹಳೆಯ ಕಾಯ್ದೆಯಲ್ಲಿ ಭಾನುವಾರ ಕರೆಸಿದರೆ ಅದರ ಹಿಂದಿನ ಅಥವಾ ಮುಂದಿನ ಮೂರು ದಿನಗಳೊಳಗೆ ಒಂದು ಪೂರ್ತಿ ದಿನ ಬಿಡುವು ಕೊಡಬೇಕಿತ್ತು. ಒಂದು ಪೂರ್ತಿ ದಿನದ ರಜೆಯಿಲ್ಲದೆ ಹತ್ತು ದಿನಕ್ಕಿಂತ ಹೆಚ್ಚು ಸತತವಾಗಿ ದುಡಿಸುವಂತಿರಲಿಲ್ಲ. ಹೊಸ ಸಂಹಿತೆಯಲ್ಲೂ ವಾರಕ್ಕೆ ಆರು ದಿನದ ಮೇಲೆ ದುಡಿಸುವಂತಿಲ್ಲ, ರಜೆ ತಪ್ಪಿದವರಿಗೆ ಬದಲಿ ರಜೆ ಕೊಡಬೇಕು. ನಿಮ್ಮ ಲೆಕ್ಕ ನೋಡಿ: ರೌಂಡ್ಸ್ ಇರುವ ಭಾನುವಾರದ ಹಿಂದೆ ಆರು, ಮುಂದೆ ಆರು, ಒಟ್ಟು 13 ದಿನ ಎಡೆಬಿಡದೆ ಗೇಟು ದಾಟುತ್ತೀರಿ. ಬದಲಿ ರಜೆ ಕೊಟ್ಟರೆ ವಾರದ ಗಂಟೆ 48ರೊಳಗೇ ಉಳಿಯುತ್ತದೆ, ಆಗ ಆ ಭಾನುವಾರಕ್ಕೆ ದುಪ್ಪಟ್ಟು ಕೇಳುವುದು ಸರಿಯಲ್ಲ. ನಾನು ನಿಮ್ಮ ಜಾಗದಲ್ಲಿದ್ದರೆ ಆ ರಜೆಯನ್ನೇ ಆರಿಸಿಕೊಳ್ಳುತ್ತಿದ್ದೆ. ನಾಲ್ಕು ಗಂಟೆ ಕೊಟ್ಟು ಒಂದು ಇಡೀ ದಿನ ಪಡೆಯುವುದು ನಷ್ಟದ ಬಾಬತ್ತಲ್ಲ. ಆದರೆ ನಿಮಗೆ ರಜೆಯೂ ಇಲ್ಲ, ದುಡ್ಡೂ ಇಲ್ಲ.

ಇನ್ನು ರಾತ್ರಿ ಕರೆ. ಒಳಗೆ ಕಾಲಿಟ್ಟ ಕ್ಷಣದಿಂದ ಹೊರಬೀಳುವವರೆಗಿನ ಹೊತ್ತು ಕೆಲಸದ ಹೊತ್ತು. ಇದರಲ್ಲಿ ಎರಡು ಮಾತಿಲ್ಲ. ಒಳಗೆ ಹೋದ ಮೇಲೆ ಬಿಡಿಭಾಗ ಬರಲಿ ಎಂದು ಒಂದು ಗಂಟೆ ಸ್ಟೂಲಿನ ಮೇಲೆ ಕೂತಿದ್ದರೂ ಅದು ಕೆಲಸದ್ದೇ, ಏಕೆಂದರೆ ಎದ್ದು ಮನೆಗೆ ಹೋಗುವ ಸ್ವಾತಂತ್ರ್ಯ ನಿಮಗಿರಲಿಲ್ಲ. ತುರ್ತು ರಿಪೇರಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ ಎಂದು ಅವರು ಹೇಳಬಹುದು. ಇತ್ತು, ನಿಜ. 1948ರ ಕಾಯ್ದೆಯ 64ನೇ ಕಲಂ ತುರ್ತು ರಿಪೇರಿಯವರನ್ನು, ನಡುನಡುವೆ ಬಿಡುವಿರುವ ಕೆಲಸದವರನ್ನು ಗಂಟೆಗಳ ಮಿತಿಯಿಂದ ಹೊರಗಿಡಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತ್ತು. ಆ ವಿನಾಯಿತಿ ಹೊತ್ತಿನ ಮಿತಿಗಷ್ಟೇ. ದುಪ್ಪಟ್ಟು ಕೂಲಿಯ ಕಲಂ ಅದರಿಂದ ಹೊರಗೇ ಉಳಿದಿತ್ತು. ರಾತ್ರಿ ಎರಡು ಗಂಟೆಗೂ ಕರೆಯಬಹುದು, ಕರೆದದ್ದಕ್ಕೆ ಕೊಡಬೇಕು.

ಈಗ ‘ಇನ್‌ಚಾರ್ಜ್’ ವಿಷಯ. ಪದನಾಮ ಬದಲಾಯಿಸಿ ಓಟಿ ಉಳಿಸುವುದು ಹಳೆಯ ಚಾಳಿ. ನ್ಯಾಯಾಲಯಗಳೂ ಅದನ್ನು ಅಷ್ಟೇ ಹಳೆಯ ಕಾಲದಿಂದ ನೋಡಿಕೊಂಡು ಬಂದಿವೆ. 1984ರಲ್ಲಿ ಡೆಲ್ಟನ್ ಕೇಬಲ್ ಕಾರ್ಖಾನೆಯ ಒಬ್ಬ ಸೆಕ್ಯುರಿಟಿ ಇನ್‌ಸ್ಪೆಕ್ಟರ್ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹೆಸರಿನಲ್ಲಿ ಇನ್‌ಸ್ಪೆಕ್ಟರ್, ಮಾಡುತ್ತಿದ್ದದ್ದು ಹೆಚ್ಚಾಗಿ ಗೇಟಿನಲ್ಲಿ ತಪಾಸಣೆ. ಯಾರನ್ನೂ ನೇಮಿಸುವ, ಯಾರ ಮೇಲೂ ಕ್ರಮ ಕೈಗೊಳ್ಳುವ ಅಧಿಕಾರ ಅವರಿಗಿರಲಿಲ್ಲ. ಅವರು ಕೈಗಾರಿಕಾ ವಿವಾದ ಕಾಯ್ದೆಯಡಿ ಕಾರ್ಮಿಕರೇ ಎಂದು ನ್ಯಾಯಾಲಯ ಹೇಳಿತು. ನಿಮ್ಮನ್ನೇ ಕೇಳಿಕೊಳ್ಳಿ: ನೀವು ಯಾರಿಗಾದರೂ ರಜೆ ಮಂಜೂರು ಮಾಡುತ್ತೀರಾ? ಮೆಮೋ ಕೊಡುತ್ತೀರಾ? ಸ್ಕ್ರೂಡ್ರೈವರ್ ಹಿಡಿಯದ ದಿನ ಎಷ್ಟು?

ಒಂದು ವೇಳೆ ನಿಮ್ಮನ್ನು ಮೇಲ್ವಿಚಾರಕ ಎಂದೇ ಇಟ್ಟುಕೊಳ್ಳೋಣ. ಆಗಲೂ ಅವರ ವಾದ ನಿಲ್ಲುವುದಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ. ಹಳೆಯ ಕಾಯ್ದೆಯ ಅದೇ 64ನೇ ಕಲಮಿಗೆ ಒಂದು ಷರತ್ತು ಅಂಟಿಕೊಂಡಿತ್ತು. ವೇತನ ಪಾವತಿ ಕಾಯ್ದೆಯ ಮಿತಿಯೊಳಗೆ ಸಂಬಳ ಪಡೆಯುವ ಮೇಲ್ವಿಚಾರಕನಿಗೂ ಓಟಿ ಸಲ್ಲಬೇಕು ಎಂದು. ಆ ಮಿತಿ 2017ರಿಂದ ತಿಂಗಳಿಗೆ 24,000 ರೂಪಾಯಿ. ನಿಮ್ಮದು 20,800. ಹೊಸ ಸಂಹಿತೆಯಲ್ಲಿ ಮಿತಿ 18,000ಕ್ಕೆ ಇಳಿದಿದೆ, ಅದಕ್ಕಿಂತ ಹೆಚ್ಚು ವೇತನದ ಮೇಲ್ವಿಚಾರಕ ‘ಕಾರ್ಮಿಕ’ ಅಲ್ಲ. ‘ಹಾಗಾದರೆ 20,800 ದಾಟಿತಲ್ಲ’ ಎಂದು ಎದೆ ಬಡಿದುಕೊಳ್ಳಬೇಡಿ. ಹೊಸ ಸಂಹಿತೆಗಳು ವೇತನ ಎಂದು ಎಣಿಸುವುದು ಮುಖ್ಯವಾಗಿ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು. ಮನೆ ಬಾಡಿಗೆ, ಓಡಾಟದ ಭತ್ಯೆ ಮೊದಲಾದವು ಒಟ್ಟಿನ ಅರ್ಧವನ್ನು ಮೀರದಿದ್ದರೆ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಭತ್ಯೆಗಳು ಅರ್ಧದ ಹತ್ತಿರವೂ ಇಲ್ಲ. ಆ ಲೆಕ್ಕದಲ್ಲಿ ನಿಮ್ಮ ವೇತನ 15,600.

ಇದೇ ವ್ಯಾಖ್ಯೆ ಇನ್ನೊಂದು ಕಡೆ ನಿಮಗೆ ಸ್ವಲ್ಪ ಹೊಡೆತ ಕೊಡುತ್ತದೆ. ಹಳೆಯ ಕಾಯ್ದೆಯಲ್ಲಿ ಓಟಿ ಲೆಕ್ಕಕ್ಕೆ ಮೂಲ ವೇತನದ ಜೊತೆ ನಿಮಗೆ ಸಲ್ಲುವ ಭತ್ಯೆಗಳೂ ಸೇರುತ್ತಿದ್ದವು, ಬೋನಸ್ ಮಾತ್ರ ಹೊರಗೆ. 20,800ನ್ನು 26 ದಿನ, ಎಂಟು ಗಂಟೆಯ ರೂಢಿಯ ಲೆಕ್ಕದಲ್ಲಿ 208 ಗಂಟೆಗೆ ಭಾಗಿಸಿದರೆ ಗಂಟೆಗೆ ನೂರು ರೂಪಾಯಿ, ದುಪ್ಪಟ್ಟು ಎಂದರೆ 200. ಹೊಸ ವ್ಯಾಖ್ಯೆಯಲ್ಲಿ 15,600ಕ್ಕೆ ಗಂಟೆಗೆ 75, ದುಪ್ಪಟ್ಟು 150. ಭಾನುವಾರದ ಎಂಟು ಗಂಟೆ, ರಾತ್ರಿ ಕರೆಯದು ಸುಮಾರು ಹತ್ತು ಗಂಟೆ ಎಂದು ಇಟ್ಟುಕೊಂಡರೆ ಹಳೆಯ ದರದಲ್ಲಿ ತಿಂಗಳಿಗೆ 3,600, ಹೊಸದರಲ್ಲಿ 2,700. ಸುಧಾರಣೆ ಎಂದು ಕರೆದ ಕಾನೂನಿನಲ್ಲಿ ದರ ಇಳಿಯುವುದು ನನಗೆ ಒಪ್ಪಿಗೆಯಿಲ್ಲ. ಅದು ನನ್ನ ಜಗಳ, ನಿಮ್ಮ ಅರ್ಜಿಯಲ್ಲಿ ಬೇಡ. ನೀವು 2025ರ ನವೆಂಬರ್ 20ರವರೆಗಿನದನ್ನು ಹಳೆಯ ದರದಲ್ಲಿ, ಅಲ್ಲಿಂದ ಈಚಿನದನ್ನು ಹೊಸದರಲ್ಲಿ ಬೇರೆ ಬೇರೆ ಬರೆಯಿರಿ.

ಕೊನೆಗೆ, ಮನೆಯಲ್ಲಿ ಫೋನ್ ಕಾಯುವ ಹೊತ್ತು. ಇದಕ್ಕೆ ಕೂಲಿ ಕೊಡಿ ಎನ್ನುವ ಕಲಂ ನಮ್ಮ ಹಳೆಯ ಕಾಯ್ದೆಯಲ್ಲೂ ಇಲ್ಲ, ಹೊಸ ಸಂಹಿತೆಯಲ್ಲೂ ಇಲ್ಲ. ಕಾಯುವುದೂ ದುಡಿಮೆ ಎಂಬುದನ್ನು ನಮ್ಮ ಕಾನೂನು ಅರಿಯದೇ ಏನೂ ಇಲ್ಲ. ಚಾಮರಾಜನಗರದ ರೈಲು ನಿಲ್ದಾಣದಲ್ಲಿ ವಿಚಾರಿಸಿ ನೋಡಿ. 1989ರ ರೈಲ್ವೆ ಕಾಯ್ದೆಯಲ್ಲಿ ಹನ್ನೆರಡು ಗಂಟೆಯ ಪಾಳಿಯಲ್ಲಿ ಅರ್ಧದಷ್ಟು ಹೊತ್ತು ಕೈಗೆ ಕೆಲಸವಿಲ್ಲದೆ ಇರುವವರದೇ ಒಂದು ವರ್ಗವಿದೆ. ಅವರ ಪಾಳಿ ಉದ್ದ, ಆದರೆ ಸುಮ್ಮನೆ ಕೂತ ಹೊತ್ತೂ ಡ್ಯೂಟಿಯೇ. ಅವರು ಕಾಯುವುದು ಡ್ಯೂಟಿಯ ಜಾಗದಲ್ಲಿ. ನೀವು ಕಾಯುವುದು ನಿಮ್ಮ ಮಂಚದ ಮೇಲೆ. ವ್ಯತ್ಯಾಸ ಬರುವುದು ಅಲ್ಲಿ.

ಯುರೋಪಿನಲ್ಲಿ ಈ ವ್ಯತ್ಯಾಸದ ಮೇಲೆಯೇ ವರ್ಷಗಟ್ಟಲೆ ವ್ಯಾಜ್ಯ ನಡೆದಿದೆ. ಬೆಲ್ಜಿಯಂನ ನಿವೆಲ್ ಊರಿನ ಒಬ್ಬ ಅಗ್ನಿಶಾಮಕ ಸಿಬ್ಬಂದಿ ಮನೆಯಲ್ಲೇ ಇದ್ದರೂ ಕರೆದ ಎಂಟು ನಿಮಿಷದಲ್ಲಿ ಠಾಣೆಯಲ್ಲಿರಬೇಕಿತ್ತು. ಅಂಥ ಕಾಯುವಿಕೆ ಕೆಲಸದ ಹೊತ್ತೇ ಎಂದು 2018ರಲ್ಲಿ ಯುರೋಪಿಯನ್ ನ್ಯಾಯಾಲಯ ಹೇಳಿತು. ಮೂರು ವರ್ಷದ ಮೇಲೆ ಸ್ಲೊವೇನಿಯದ ಒಬ್ಬ ತಂತ್ರಜ್ಞನ ಪ್ರಕರಣ ಬಂತು. ಬೆಟ್ಟದ ಮೇಲಿನ ಟಿ.ವಿ. ಪ್ರಸಾರ ಕೇಂದ್ರ ಆತನ ಡ್ಯೂಟಿಯ ಜಾಗ, ಬರಲು ಒಂದು ಗಂಟೆ ಗಡುವು. ನ್ಯಾಯಾಲಯ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಕರೆಗೆ ಕಾಯುವ ಕಟ್ಟಳೆಗಳು ಆತನ ಸ್ವಂತ ಬದುಕನ್ನು ತೀರ ಕಟ್ಟಿಹಾಕುವಷ್ಟಿದ್ದರೆ ಮಾತ್ರ ಅದು ಕೆಲಸದ ಹೊತ್ತು ಎಂದಿತು. ನಿಮ್ಮದು ಮುಕ್ಕಾಲು ಗಂಟೆ. ತೆರಕಣಾಂಬಿಯಿಂದ ಬದನಗುಪ್ಪೆಗೆ ಬೈಕಿನಲ್ಲಿ ಬರಲು ಅಷ್ಟೇ ಬೇಕು, ಶರ್ಟು ಹಾಕಿಕೊಳ್ಳಲೂ ಅದರಲ್ಲಿ ಪುರಸೊತ್ತಿಲ್ಲ. ಆ ತೀರ್ಪುಗಳು ನಮ್ಮ ಕಾರ್ಮಿಕ ಅಧಿಕಾರಿಯನ್ನು ಕಟ್ಟಿಹಾಕುವುದಿಲ್ಲ. ನನ್ನ ಕಣ್ಣು ಇರುವುದು ಆ ಸ್ಲೊವೇನಿಯದ ಪ್ರಕರಣದ ಒಂದು ಸಣ್ಣ ವಿವರದ ಮೇಲೆ. ಆತನಿಗೆ ಕೇಳಿದ್ದು ಪೂರ್ತಿ ಸಿಗದಿದ್ದರೂ, ಕಾಯುವ ಗಂಟೆಗೆ ಮೂಲ ವೇತನದ ಶೇ 20ರಷ್ಟನ್ನು ಆತನ ಕಂಪನಿ ಮೊದಲಿನಿಂದಲೂ ಕೊಡುತ್ತಲೇ ಇತ್ತು.

ನೀವು ಕೇಳಬೇಕಾದ್ದೂ ಅಂಥದ್ದನ್ನೇ. ಸ್ಟ್ಯಾಂಡ್‌ಬೈ ವಾರಕ್ಕೆ ಇಷ್ಟು ಎಂದು ಒಂದು ನಿಗದಿತ ಭತ್ಯೆ, ಮಾತುಕತೆಯಲ್ಲಿ. ಹಕ್ಕು ಎಂದು ಗುಡುಗಿದರೆ ‘ಕಲಂ ತೋರಿಸು’ ಎನ್ನುತ್ತಾರೆ, ತೋರಿಸಲು ಇರುವುದಿಲ್ಲ. ಆದರೆ ಅವರ ಮೇಲೂ ಒಂದು ಹಿಡಿತವಿದೆ. ಯಾರು ಯಾವಾಗ ಕೆಲಸ ಮಾಡಬೇಕು ಎಂಬ ವೇಳಾಪಟ್ಟಿಯನ್ನು ಕಾರ್ಖಾನೆಯಲ್ಲಿ ಹಾಕಿರಬೇಕು ಎಂಬ ನಿಯಮ ಮೊದಲೂ ಇತ್ತು, ಈಗಲೂ ಇದೆ. ಸ್ಟ್ಯಾಂಡ್‌ಬೈ ಪಟ್ಟಿ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿದ್ದರೆ ಅದನ್ನು ನೋಟಿಸ್ ಬೋರ್ಡಿಗೆ ತನ್ನಿ ಎಂದು ಮೊದಲು ಕೇಳಿ. ಬೋರ್ಡಿಗೆ ಬಂದದ್ದಕ್ಕೆ ಒಂದು ಹೆಸರು, ಒಂದು ದರ ಬರುವುದು ತಡವಾಗುವುದಿಲ್ಲ. ತಿಂಗಳ ಮೊದಲೇ ಪಟ್ಟಿ ಗೊತ್ತಿದ್ದರೆ ನಾಲ್ವರೂ ವಾರಗಳನ್ನು ಅದಲುಬದಲು ಮಾಡಿಕೊಳ್ಳಬಹುದು. ನಿಮ್ಮ ಮನೆಯವರ ಅರ್ಧ ಬೇಜಾರಿಗೆ ಮದ್ದು ಅದೇ.

ದುಡ್ಡಿಗಿಂತ ಮುಂಚೆ ನಾನು ಕೇಳುವುದಾದರೆ ನಿದ್ದೆಯನ್ನು ಕೇಳುತ್ತೇನೆ. ರಾತ್ರಿ ಎರಡೂವರೆಗೆ ಮನೆ ತಲುಪಿ, ಬೆಳಿಗ್ಗೆ ಮತ್ತೆ ಎಂಟು ಗಂಟೆಗೆ ಲೈವ್ ಪ್ಯಾನೆಲ್ ಮುಂದೆ ನಿಲ್ಲುವ ಎಲೆಕ್ಟ್ರಿಷಿಯನ್ ತನಗೂ ಅಪಾಯ, ಜೊತೆಯವರಿಗೂ ಅಪಾಯ. ಯುರೋಪಿನ ಕೆಲಸದ ವೇಳೆಯ ನಿಯಮದಲ್ಲಿ 24 ಗಂಟೆಗೆ ಒಮ್ಮೆ ಸತತ 11 ಗಂಟೆ ವಿಶ್ರಾಂತಿ ಇದೆ. ಅಷ್ಟಲ್ಲದಿದ್ದರೂ, ಮಧ್ಯರಾತ್ರಿ ದಾಟಿದ ಕರೆಯ ಮಾರನೆಯ ದಿನ ಮಧ್ಯಾಹ್ನ ಬರಲು ಬಿಡಿ, ಸಂಬಳ ಕಡಿಯಬೇಡಿ ಎಂದು ಕೇಳಿ. ಸುರಕ್ಷತೆಯ ಹೆಸರಿನಲ್ಲಿ ಕೇಳಿದ್ದಕ್ಕೆ ಇಲ್ಲ ಎನ್ನುವುದು ಮ್ಯಾನೇಜರಿಗೆ ಕಷ್ಟ. ಫೋನ್ ಬರದ ರಾತ್ರಿಯೂ ನಿದ್ದೆಯಿಲ್ಲ ಎಂದಿರಿ. ಅದಕ್ಕೆ ಒಂದು ಸಣ್ಣ ಉಪಾಯ: ಕಂಪನಿಯ ನಂಬರುಗಳಿಗೆ ಮಾತ್ರ ಬೇರೆ ರಿಂಗ್‌ಟೋನ್ ಇಟ್ಟು, ಉಳಿದದ್ದನ್ನೆಲ್ಲ ಸೈಲೆಂಟ್ ಮಾಡಿ, ಫೋನನ್ನು ದಿಂಬಿನಿಂದ ದೂರ ಇಡಿ. ಸ್ಟ್ಯಾಂಡ್‌ಬೈ ಅಲ್ಲದ ಮೂರು ವಾರಗಳಲ್ಲೂ ನಿದ್ದೆ ಬಾರದಿದ್ದರೆ ಡಾಕ್ಟರಿಗೆ ತೋರಿಸಿ, ಮುಂದಕ್ಕೆ ಹಾಕಬೇಡಿ.

ನೀವು ಕೇಳದೇ ಇರುವ ಇನ್ನೊಂದನ್ನು ಹೇಳಿಬಿಡುತ್ತೇನೆ. ಅರ್ಧರಾತ್ರಿ, ನಿದ್ದೆಗಣ್ಣಿನಲ್ಲಿ, ಬೈಕಿನಲ್ಲಿ ಹೋಗುತ್ತೀರಿ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರರೊಬ್ಬರು 2003ರಲ್ಲಿ ಬೆಳಗಿನ ಜಾವದ ಪಾಳಿಗೆ ಬೈಕಿನಲ್ಲಿ ಹೋಗುವಾಗ ಅಪಘಾತದಲ್ಲಿ ತೀರಿಕೊಂಡರು. ಡ್ಯೂಟಿಗೆ ಹೋಗುವ ದಾರಿಯ ಅಪಘಾತವನ್ನೂ, ಕೆಲಸಕ್ಕೂ ಅದಕ್ಕೂ ಸಂಬಂಧ ಕಂಡುಬಂದರೆ, ಕೆಲಸದಿಂದ ಉಂಟಾದದ್ದೆಂದೇ ತಿಳಿಯಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2025ರ ಜುಲೈನಲ್ಲಿ. 22 ವರ್ಷ ಆ ಕುಟುಂಬ ಕಾದಿತ್ತು. ಆ ಸಂಬಂಧ ತೋರಿಸಲು ನಿಮ್ಮ ಹತ್ತಿರ ಏನಿದೆ? ಫೋನಿನ ಕಾಲ್ ಲಾಗ್. ಹಾಗಾಗಿ ಕರೆ ಬಂದ ಕೂಡಲೇ, ಗಾಡಿ ಹತ್ತುವ ಮೊದಲು, ‘ಇಂಥ ಕೆಲಸಕ್ಕೆ ಕರೆದಿದ್ದೀರಿ, ಇಷ್ಟು ಗಂಟೆಗೆ ಹೊರಟೆ’ ಎಂದು ಕರೆದವರಿಗೆ ಒಂದು ಸಾಲಿನ ಮೆಸೇಜು ಹಾಕಿ. ಓಟಿಗೂ ಅದೇ ಸಾಕ್ಷಿ. ಇಎಸ್‌ಐ ಕಾರ್ಡ್ ನಿಮ್ಮ ಹೆಸರಿನಲ್ಲಿ ಚಾಲ್ತಿಯಲ್ಲಿದೆಯೇ ಎಂದೂ ನೋಡಿಕೊಳ್ಳಿ. ಅದರ ಮಿತಿ 21,000 ರೂಪಾಯಿ, ನೀವು ಒಳಗಿದ್ದೀರಿ.

ಕೆಲಸಕ್ಕೆ ಕುತ್ತು ಬಂದೀತೇ ಎಂದಿರಿ. ಬರುವುದೇ ಇಲ್ಲ ಎಂದು ನಾನು ಭರವಸೆ ಕೊಟ್ಟರೆ ಅದು ಸುಳ್ಳಾದೀತು. ನಿಮ್ಮ ಅವ್ವನ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆ ಕಡೆಯ ಹುಡುಗರು ನಂಜನಗೂಡು, ಮೈಸೂರು, ತಿರುಪ್ಪೂರು ಎಂದು ಬಸ್ಸು ಹತ್ತಿದ್ದನ್ನು ಕಂಡವರು ಅವರು. ಕುತ್ತನ್ನು ಕಡಿಮೆ ಮಾಡುವ ದಾರಿ ಒಬ್ಬರೇ ಹೋಗದಿರುವುದು. ನಾಲ್ವರೂ ಸಹಿ ಹಾಕಿ. ನಾಲ್ಕೂ ಜನ ಎಲೆಕ್ಟ್ರಿಷಿಯನ್ನುಗಳನ್ನು ಒಂದೇ ದಿನ ಕಳಿಸಿ ಯಾವ ಕಾರ್ಖಾನೆಯೂ ರಾತ್ರಿ ದೀಪ ಹಚ್ಚಲಾರದು. ರೌಂಡ್ಸ್‌ಗೆ ನಿಮ್ಮ ಜೊತೆ ಗುತ್ತಿಗೆಯ ಹೆಲ್ಪರ್ ಬರುತ್ತಿದ್ದರೆ ಅವನ ಹೆಸರನ್ನೂ ಸೇರಿಸಿ. ಗುತ್ತಿಗೆದಾರ ಕೊಡದಿದ್ದರೆ ಅವನ ಕೂಲಿಯ ಹೊಣೆ ಕೊನೆಗೆ ಕಂಪನಿಯ ಮೇಲೆಯೇ ಬರುತ್ತದೆ.

ಸಿಟ್ಟನ್ನು ಮಾತ್ರ ಜೊತೆಗೆ ಒಯ್ಯಬೇಡಿ. 2020ರ ಡಿಸೆಂಬರಿನಲ್ಲಿ ಕೋಲಾರದ ನರಸಾಪುರದಲ್ಲಿ, ಆ್ಯಪಲ್‌ಗೆ ಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಆದ ದಾಂಧಲೆ ನೆನಪಿರಬೇಕು. ಕೆಲಸದ ಗಂಟೆಗಳ ಲೆಕ್ಕ ಸರಿಯಾಗಿ ಇಡದೆ ಕೆಲವರಿಗೆ ಸಂಬಳ ತಡವಾಯಿತು ಎಂದು ಆಮೇಲೆ ಆ್ಯಪಲ್ ಕಂಪನಿಯೇ ಒಪ್ಪಿಕೊಂಡಿತು. ಅಂದರೆ ಕಾರ್ಮಿಕರ ದೂರಿನಲ್ಲಿ ಹುರುಳಿತ್ತು. ಆದರೆ ಅಷ್ಟರಲ್ಲಿ ಗಾಜು ಒಡೆದಿತ್ತು, ನೂರಕ್ಕೂ ಹೆಚ್ಚು ಹುಡುಗರು ಜೈಲು ಸೇರಿದ್ದರು.

ಅರ್ಜಿ ಚಿಕ್ಕದಿರಲಿ. ಹೀಗೆ ಬರೆದರೆ ಸಾಕು: ‘ನಾವು ಕೆಳಗೆ ಸಹಿ ಮಾಡಿರುವ ವಿದ್ಯುತ್ ನಿರ್ವಹಣಾ ವಿಭಾಗದ ನೌಕರರು. ವಾರದ ರಜೆಯ ದಿನಗಳಲ್ಲಿ ತಪಾಸಣೆಗಾಗಿಯೂ ರಾತ್ರಿ ತುರ್ತು ರಿಪೇರಿಗಾಗಿಯೂ ಕಂಪನಿಯ ಸೂಚನೆಯಂತೆ ಕೆಲಸ ಮಾಡಿರುತ್ತೇವೆ. ತಾರೀಖು ಮತ್ತು ವೇಳೆಯ ಪಟ್ಟಿಯನ್ನು ಲಗತ್ತಿಸಿದೆ. ತಪಾಸಣಾ ಚೆಕ್‌ಲಿಸ್ಟು ಮತ್ತು ಗೇಟ್ ರಿಜಿಸ್ಟರಿನೊಂದಿಗೆ ತಾಳೆ ನೋಡಿ, ಬದಲಿ ರಜೆಯನ್ನಾಗಲಿ ಹೆಚ್ಚುವರಿ ವೇತನವನ್ನಾಗಲಿ ನೀಡಬೇಕೆಂದು ಕೋರುತ್ತೇವೆ. ಸ್ಟ್ಯಾಂಡ್‌ಬೈ ಕರ್ತವ್ಯಕ್ಕೆ ಭತ್ಯೆ ನಿಗದಿ ಮಾಡುವ ಬಗ್ಗೆ ಮಾತುಕತೆಗೆ ಒಂದು ದಿನ ಗೊತ್ತುಮಾಡಬೇಕಾಗಿ ವಿನಂತಿ.’ ಕಾಯ್ದೆಯ ಹೆಸರು, ಕೋರ್ಟು, ವಕೀಲ ಯಾವುದೂ ಬೇಡ. ಎರಡು ಪ್ರತಿ ಮಾಡಿ, ಒಂದರ ಮೇಲೆ ‘ಸ್ವೀಕರಿಸಲಾಗಿದೆ’ ಎಂದು ಸೀಲು ಹಾಕಿಸಿಕೊಳ್ಳಿ. ಸೀಲು ಕೊಡದಿದ್ದರೆ ಅಂಚೆಯಲ್ಲಿ ರಿಜಿಸ್ಟರ್ ಮಾಡಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಒಂದು ತಿಂಗಳು ಕಾಯಿರಿ. ಉತ್ತರ ಬಾರದಿದ್ದರೆ ಚಾಮರಾಜನಗರದ ಕಾರ್ಮಿಕ ಅಧಿಕಾರಿಗಳ ಕಚೇರಿಗೆ ಅದೇ ಪ್ರತಿಯೊಂದಿಗೆ ಹೋಗಿ. ವಕೀಲರ ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ಉಚಿತ ನೆರವಿಗೆ ಅರ್ಹರ ಪಟ್ಟಿಯಲ್ಲಿ ಕೈಗಾರಿಕಾ ಕಾರ್ಮಿಕರ ಹೆಸರು ಇದೆ, ಅದಕ್ಕೆ ಆದಾಯದ ಮಿತಿಯಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಒಂದು ಅರ್ಜಿ ಕೊಟ್ಟರೆ ವಕೀಲರನ್ನು ಅವರೇ ಕೊಡುತ್ತಾರೆ. ತಡ ಮಾತ್ರ ಮಾಡಬೇಡಿ. ಹೊಸ ವೇತನ ಸಂಹಿತೆಯಲ್ಲಿ ಬಾಕಿ ಕೇಳಲು ಮೂರು ವರ್ಷ ಅವಕಾಶವಿದೆ. ಹಳೆಯ ವೇತನ ಪಾವತಿ ಕಾಯ್ದೆಯಲ್ಲಿ ಇದ್ದದ್ದು 12 ತಿಂಗಳು ಮಾತ್ರ. 2025ರ ನವೆಂಬರಿಗಿಂತ ಹಿಂದಿನ ಭಾನುವಾರಗಳ ವಿಷಯದಲ್ಲಿ ಇವೆರಡರಲ್ಲಿ ಯಾವ ಗಡುವು ಹಿಡಿಯುತ್ತಾರೆ ಎಂಬ ತಕರಾರು ಏಳಬಹುದು. ಆದ್ದರಿಂದ ನಿಮ್ಮ ಪಟ್ಟಿಯನ್ನು ಹಳೆಯ ತಾರೀಖುಗಳಿಂದಲೇ ಬರೆಯಲು ಶುರುಮಾಡಿ, ಮುಂದಿನ ಸ್ಟ್ಯಾಂಡ್‌ಬೈ ವಾರ ಬರುವ ಮೊದಲು ಅರ್ಜಿ ಕೊಟ್ಟುಬಿಡಿ.